ನೀಲಿ ದಾರದ ಗಂಟು

ನಮ್ಮೂರ ಆಸ್ಪತ್ರೆಗೆ ಹೊಟ್ಟೆನೋವು ಎಂದು ಹೋದವರನ್ನು ಡಾಕ್ಟರ್ ಹಾದಿಮನಿಯವರು ಮೊಟ್ಟಮೊದಲು ಕೇಳುವುದು, ‘ದಿನಾ ಯಾವ ದಿಕ್ಕಿಗೆ ಮುಖ ಮಾಡಿ ಕೂಡ್ತೀರಿ?’ ಎಂದು. ನಾಲಿಗೆ ನೋಡುವುದು, ಹೊಟ್ಟೆ ಒತ್ತಿ ನೋಡುವುದು ಎಲ್ಲ ಆಮೇಲೆ. ಊರಿಗೆ ಹೊಸಬರಾದವರು ಈ ಪ್ರಶ್ನೆಗೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಒಂದು ವಾರ ಇದ್ದು, ಬೀಗದ ಕೈಯನ್ನೋ ಕಿವಿಯ ಓಲೆಯನ್ನೋ ಕಟ್ಟೆಯ ಮೇಲೆ ಇಟ್ಟು ಮರೆತು, ಅದು ಅಂಗಳ ದಾಟಿ ಹೋಗುತ್ತಿರುವುದನ್ನು ಒಂದು ಸಲ ಕಂಡರೆ ಮತ್ತೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಅಂಗೈಯಲ್ಲಿ ಅಡಗುವಂಥ ಲೋಹದ ಸಾಮಾನು ಯಾವುದೇ ಇರಲಿ, ಕಟ್ಟದೆ ಬಿಟ್ಟರೆ ಮೂಡಲ ದಿಕ್ಕಿಗೆ ಹೊರಡುತ್ತದೆ. ಗಡಿಬಿಡಿಯೇನೂ ಇಲ್ಲ, ಇರುವೆಯ ನಡಿಗೆ. ಅದಕ್ಕೇ ನಾವು ‘ಕಳೆಯಿತು’ ಎನ್ನುವುದಿಲ್ಲ, ‘ಹೊಂಟಿತು’ ಎನ್ನುತ್ತೇವೆ. ಚಮಚಕ್ಕೆ ದಾರ, ಚಾಕುವಿಗೆ ದಾರ, ಕೂದಲ ಪಿನ್ನಿಗೂ ದಾರ. ನಮ್ಮ ಅಡುಗೆಮನೆಗಳಲ್ಲಿ ದಾರ ಕಾಲಿಗೆ ತೊಡರದಂತೆ ನಡೆಯುವುದನ್ನು ಮಕ್ಕಳು ಮಾತು ಬರುವ ಮೊದಲೇ ಕಲಿಯುತ್ತವೆ.

ಊರಿನ ಮೂಡಲ ಕೊನೆಗೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ ಇದೆ. ಹೊರಟ ಸಾಮಾನೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ. ಸೋಮವಾರ ಬೆಳಿಗ್ಗೆ ಊರಿಗೆ ಊರೇ ಅಲ್ಲಿ ಸೇರಿ ತಮ್ಮತಮ್ಮದನ್ನು ಆರಿಸಿಕೊಳ್ಳುತ್ತದೆ. ಅದಕ್ಕೊಂದು ಪದ್ಧತಿ ಉಂಟು. ಸಾಮಾನನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಮೂರು ಸಲ ‘ನಂದು’ ಎನ್ನಬೇಕು. ಮೂರನೆಯದು ಮುಗಿಯುವುದರೊಳಗೆ ಯಾರೂ ತಕರಾರು ತೆಗೆಯದಿದ್ದರೆ ಅದು ನಿಮ್ಮದು. ಮಂದಿಯೆದುರು ದನಿ ಏಳದವರ ಪಾಡು ಅಲ್ಲಿ ಕಷ್ಟವೇ. ನನಗಂತೂ ಆ ಕಷ್ಟ ಯಾವತ್ತೂ ಬಂದಿಲ್ಲ. ನಾನು ಗೋಡೆಯ ಹತ್ತಿರ ಬಾಯಿ ತೆಗೆದರೆ ಅರ್ಧ ಊರು ತನ್ನ ಸಾಮಾನು ಬಿಟ್ಟು ನನ್ನ ಕಡೆ ತಿರುಗುತ್ತದೆ.

ನಾನು ದ್ಯಾಮವ್ವ. ಎಲ್ಲರೂ ಕರೆಯುವುದು ದಾರದ ದ್ಯಾಮಕ್ಕ ಎಂದು. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ದಾರ ಕಟ್ಟುವವಳು ನಾನೇ. ಕತ್ತರಿ, ಇಕ್ಕಳ, ಹೊಲಿಗೆಯ ಸೂಜಿ, ಹೊಟ್ಟೆಯೊಳಗೆ ಹೋಗುವ ಪ್ರತಿಯೊಂದು ಸಾಮಾನಿಗೂ ಕುದಿಸಿದ ನೀಲಿ ದಾರದ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಪಕ್ಕದ ಗೂಟದ ಹಲಗೆಗೆ ಕಟ್ಟುತ್ತೇನೆ. ಕೆಲಸ ಮುಗಿದ ಮೇಲೆ, ಹೊಟ್ಟೆ ಮುಚ್ಚುವ ಮೊದಲು, ದಾರಗಳನ್ನು ಒಂದೊಂದಾಗಿ ಎಳೆದುಕೊಂಡು ಎಣಿಸುತ್ತೇನೆ. ದಾರ ಬಂತು ಎಂದರೆ ಸಾಮಾನು ಬಂತು. ‘ಲೆಕ್ಕ ಸರಿ ಡಾಕ್ಟ್ರ’ ಎಂದು ನಾನು ಹೇಳದೆ ಹಾದಿಮನಿಯವರು ಕೊನೆಯ ಹೊಲಿಗೆ ಹಾಕುವುದಿಲ್ಲ. ನಾನು ಕಟ್ಟಿದ ಗಂಟು ಬಿಚ್ಚಿದ ದಿನ ನನ್ನ ಹೆಸರು ಬದಲಿಸಿ ಕರೆಯಿರಿ ಎಂದು ನಾನು ಕಂಡಕಂಡಲ್ಲಿ ಹೇಳಿಕೊಂಡು ಬಂದವಳು. ಸೊಕ್ಕು ಎನ್ನುವವರು ಎನ್ನಲಿ. ಇಪ್ಪತ್ತೆರಡು ವರ್ಷ ಒಂದು ಗಂಟೂ ಬಿಚ್ಚದಿದ್ದರೆ ನಿಮಗೂ ಅಷ್ಟು ಸೊಕ್ಕು ಬರುತ್ತಿತ್ತು.

ಫಕೀರವ್ವ ನನ್ನ ನೆಗೆಣ್ಣಿ, ನನ್ನ ಮೈದುನ ಈರಣ್ಣನ ಹೆಂಡತಿ. ಒಂದೇ ಮನೆ, ಒಂದೇ ಒಲೆ. ನಾನು ಬಾಯಿಬಡಕಿಯಾದರೆ ಅವಳು ನೂರು ಕೇಳಿದರೆ ಒಂದು ಉತ್ತರ ಕೊಡುವವಳು. ಜಂಪರು ಹೊಲಿಯುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿಲ್ಲ. ಪಡಸಾಲೆಯಲ್ಲಿ ಬೆಳಕಿಗೆಂದು ಮಷೀನನ್ನು ತೆಂಕಲಕ್ಕೆ ಮುಖ ಮಾಡಿ ಇಟ್ಟುಕೊಂಡು, ತುಟಿಗಳ ನಡುವೆ ನಾಲ್ಕಾರು ಗುಂಡುಪಿನ್ನು ಕಚ್ಚಿಕೊಂಡು, ಬೆಳಗಿನಿಂದ ಸಂಜೆಯವರೆಗೆ ತುಳಿಯುತ್ತಿದ್ದಳು. ದರ್ಜಿಯವರು ಬಾಯಲ್ಲಿ ಪಿನ್ನು ಹಿಡಿಯುವುದು ಎಲ್ಲ ಕಡೆಯೂ ಇರಬಹುದು. ನಮ್ಮೂರಲ್ಲಿ ಹಿಡಿಯದೆ ಗತಿಯಿಲ್ಲ, ಕೆಳಗಿಟ್ಟರೆ ಹೊಂಟಿತು. ತುಟಿಯಿಂದ ಗಂಟಲಿಗೆ ಎಷ್ಟು ದೂರ? ಯಾವತ್ತೋ ಒಂದು ದಿನ ಸೀನಿದಾಗ ಒಂದು ಪಿನ್ನು ಒಳಗೆ ಹೋಯಿತಂತೆ. ಮನೆಮದ್ದು ಎಲ್ಲರಿಗೂ ಗೊತ್ತಿದ್ದದ್ದೇ: ಬಾಳೆಹಣ್ಣು ತಿಂದು, ಮೂಡಲಕ್ಕೆ ಕಾಲು ಚಾಚಿ ಮಲಗುವುದು. ಮಕ್ಕಳು ರೂಪಾಯಿ ನುಂಗಿದಾಗ ಪ್ರತಿ ತಾಯಿಯೂ ಮಾಡುವುದು ಅದನ್ನೇ. ಮರುದಿನ ಹೊರಗೆ ಬರುತ್ತದೆ, ತೊಳೆದು ದಾರ ಕಟ್ಟಿದರೆ ಮುಗಿಯಿತು. ಫಕೀರವ್ವ ಮಾತ್ರ ಮಲಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ವಾರ ಬಿಟ್ಟು ತಾನಾಗಿಯೇ ಇನ್ನೊಂದು ನುಂಗಿದಳು. ಆಮೇಲೆ ಒಂದು ಹುಕ್ಕು. ಆಮೇಲೆ ಹಿತ್ತಾಳೆಯ ಗುಂಡಿ.

ಇದೆಲ್ಲ ಗೊತ್ತಾದದ್ದು ಅವಳು ಮಷೀನಿನ ಮೇಲೆ ಬೋರಲು ಬಿದ್ದ ದಿನ. ‘ಯಾವ ದಿಕ್ಕಿಗೆ ಕೂಡ್ತೀಯವಾ?’ ಎಂದು ಡಾಕ್ಟರು ಕೇಳಿದರು. ‘ತೆಂಕಲಕ್ಕರಿ’ ಎಂದಳು. ಅಂದರೆ ಎಡ ಮಗ್ಗುಲು ಮೂಡಲಕ್ಕೆ. ಡಾಕ್ಟರು ಹೊಟ್ಟೆಯ ಎಡಭಾಗ ಮುಟ್ಟಿದ್ದೇ ತಡ, ಎಂದೂ ದನಿಯೆತ್ತದ ಫಕೀರವ್ವ ಚೀರಿದಳು. ಎಕ್ಸ್‌ರೇ ನೋಡಿ ನಾನೇ ಗಾಬರಿಯಾದೆ. ಎಡಗಡೆ ಕರುಳಿನಲ್ಲಿ ಪಿನ್ನುಗಳೆಲ್ಲ ಮೊನೆ ಮೂಡಲಕ್ಕೆ ಮಾಡಿ ಸಾಲು ಹಿಡಿದಿದ್ದವು. ಎರಡು ಕಡೆ ಕರುಳು ತೂತು ಮಾಡಿ ಹೊರಗೂ ಮೊನೆ ಚಾಚಿದ್ದವು. ಅವತ್ತು ತೆಗೆದದ್ದು ಅರವತ್ತೊಂದು ಸಾಮಾನು. ಹೊಟ್ಟೆಯ ತುಂಬ ಕೀವು. ತೊಳೆದು, ತೂತು ಹೊಲಿದು ಮುಚ್ಚಿದರೆ ಆರನೇ ದಿನ ಕೆಮ್ಮಿದಾಗ ಹೊಲಿಗೆ ಪಟಪಟ ಬಿಟ್ಟುಕೊಂಡಿತು. ಮತ್ತೆ ಕಟ್ಟಿ, ಮತ್ತೆ ತೊಳೆದು, ಅವಳು ಎದ್ದು ಕೂರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು.

‘ಯಾಕ ನುಂಗಿದಿ? ಮನ್ಯಾಗ ಉಣ್ಣಾಕ ಕಡಿಮಿ ಆಗಿತ್ತೇನು?’ ಎಂದು ನಾನು ಬೈಯುತ್ತಲೇ ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಮಾತ್ರ ಹೇಳಿದಳು: ‘ಗ್ವಾಡಿ ಹತ್ರ ನನಗ ದನಿ ಹೊರಡಂಗಿಲ್ಲ ಅಕ್ಕಾ. ಮದುವಿ ಆಗಿ ಬಂದಾಗ ಹೊಲಿಯೂವಾಗ ಬೆರಳಿಗೆ ಹಾಕೂ ನಮ್ಮವ್ವನ ಬೆಳ್ಳಿ ಅಂಗುಷ್ಠಾನ ಹೊಂಟಿತ್ತು. ಗ್ವಾಡಿ ಬುಡಕ್ಕ ಕಣ್ಣಿಗೆ ಕಂಡಿತು. ಎತ್ತಿದೆ, ಬಾಯಿ ಬರಲಿಲ್ಲ. ಬ್ಯಾರೇದಾಕಿ ಕೈಯಾಗಿಂದ ಕಸಗೊಂಡು ನಂದು ನಂದು ನಂದು ಅಂದು ತಗೊಂಡ ಹೋದಳು. ಹೊಟ್ಟ್ಯಾಗ ಇದ್ದದ್ದನ್ನ ಯಾರು ನಂದು ಅಂತಾರ?’ ಅಷ್ಟು ವರ್ಷ ಅವಳ ಸಾಮಾನನ್ನೂ ಗೋಡೆಯಿಂದ ನಾನೇ ಕೂಗಿ ತರುತ್ತಿದ್ದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಕತ್ತರಿಗೂ ‘ನಂದು’ ಎಂದವಳು ನಾನೇ, ಅವಳ ಕಾಲುಂಗುರಕ್ಕೂ ‘ನಂದು’ ಎಂದವಳು ನಾನೇ.

ಮನೆಗೆ ಹೋಗಿ ಮೂರು ತಿಂಗಳಿಗೆ ಮತ್ತೆ ಆಸ್ಪತ್ರೆ ಸೇರಿದಳು. ಬಾಯಿ ಖಾಲಿ ಇದ್ದರೆ ಎದೆ ಹೊಡೆದುಕೊಳ್ಳುತ್ತದಂತೆ, ಒಂದು ನುಂಗಿದರೆ ತಣ್ಣಗಾಗುತ್ತದಂತೆ. ಈ ಸಲ ಹದಿನೇಳು ಹುಕ್ಕು, ಎರಡು ಸೇಫ್ಟಿ ಪಿನ್ನು. ಸಾಮಾನು ಕಡಿಮೆ, ತೊಂದರೆ ಹೆಚ್ಚು. ಹಿಂದಿನ ಸಲದ ಗಾಯದಿಂದಾಗಿ ಎಡಗಡೆಯ ಕರುಳೆಲ್ಲ ಒಂದಕ್ಕೊಂದು ಅಂಟಿ ಗಂಟಾಗಿತ್ತು. ಡಾಕ್ಟರು ನಾಲ್ಕು ತಾಸು ನಿಂತು ಬಿಡಿಸಿದರು, ಒಂದು ಗೇಣು ಕರುಳು ಕತ್ತರಿಸಿ ತೆಗೆದು ತುದಿ ಕೂಡಿಸಿ ಹೊಲಿದರು. ನನ್ನ ಕಾಲು ಮರಗಟ್ಟಿ ಹೋಗಿದ್ದವು. ದಾರ ಎಳೆದು ಎಣಿಸುವಾಗ ಒಂದು ದಾರದ ತುದಿ ಬರಿದಾಗಿ ಬಂತು. ಸೂಜಿ ಇಲ್ಲ. ಬಿಚ್ಚಿತೇ? ನನ್ನ ಗಂಟೇ? ಛೇ, ಸಾಧ್ಯವೇ ಇಲ್ಲ, ದಾರ ಸವೆದು ಸೂಜಿ ನೆಲಕ್ಕೆ ಬಿದ್ದಿರಬೇಕು ಎಂದುಕೊಂಡು ಕೋಣೆಯ ಮೂಡಲ ಗೋಡೆಯ ಬುಡದ ದೋಣಿ ನೋಡಿದೆ. ಕೆಳಗೆ ಬಿದ್ದದ್ದೆಲ್ಲ ಹೋಗಿ ಸೇರುವುದು ಆ ಕಲ್ಲಿನ ದೋಣಿಗೇ. ಅಲ್ಲಿ ಒಂದು ಬಾಗಿದ ಸೂಜಿ ಇತ್ತು. ಹೋದ ಜೀವ ಬಂದಂತಾಯಿತು. ‘ಲೆಕ್ಕ ಸರಿ ಡಾಕ್ಟ್ರ’ ಎಂದೆ. ಅವರು ಹೊಟ್ಟೆ ಮುಚ್ಚಿದರು.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ನನ್ನನ್ನೂ ಈರಣ್ಣನನ್ನೂ ಕೂರಿಸಿಕೊಂಡು ಖಡಾಖಂಡಿತವಾಗಿ ಹೇಳಿದರು: ‘ದ್ಯಾಮವ್ವಾ, ಈಕಿ ಹೊಟ್ಟಿ ಈಗ ತೊಯ್ದ ಕಾಗದ ಆಗೇತಿ. ಮೂರನೇ ಸಲ ತಗದ್ರ ಹೊಲಿಗಿ ನಿಲ್ಲಂಗಿಲ್ಲ. ಇನ್ನೊಮ್ಮೆ ನುಂಗಿದ್ರ ನಾ ಚಾಕು ಹಿಡಿಯಂಗಿಲ್ಲ. ಮೂಡಲಕ್ಕ ಕಾಲು ಮಾಡಿ ಮಲಗಿಸಿ, ದೇವರ ಮ್ಯಾಲೆ ಭಾರ ಹಾಕೂದು ಅಷ್ಟ.’

ಆ ಮಾತು ಕೇಳಿ ನಾನು ಸೆರಗು ಸಿಕ್ಕಿಸಿದೆ. ಮನೆಯಲ್ಲಿದ್ದ ಪ್ರತಿ ಪಿನ್ನು, ಹುಕ್ಕು, ಸೂಜಿ, ಗುಂಡಿಯನ್ನು ಹುಡುಕಿ ತೆಗೆದು ಮಷೀನಿನ ಪಕ್ಕದ ಹಲಗೆಗೆ ಒಂದೊಂದಕ್ಕೂ ಬೇರೆ ದಾರ, ಬೇರೆ ಗಂಟು ಹಾಕಿ ಕಟ್ಟಿದೆ. ನೂರಾ ಹದಿನೆಂಟು ಗಂಟು. ಹೊಲಿಯುವುದಕ್ಕೆ ಸಾಕಾಗುವಷ್ಟು ಉದ್ದ, ಬಾಯಿಗೆ ಮುಟ್ಟದಷ್ಟು ಗಿಡ್ಡ. ಬಾಯಿ ಖಾಲಿ ಇರಬಾರದೆಂದು ಹುರಿದ ಹುಣಸೆಬೀಜ ಕೊಟ್ಟೆ. ಅದು ಹೊರಡುವುದಿಲ್ಲ, ನುಂಗಿದರೂ ಚಿಂತೆಯಿಲ್ಲ. ಫಕೀರವ್ವ ಬೀಜವನ್ನು ಈ ದವಡೆಯಿಂದ ಆ ದವಡೆಗೆ ದಾಟಿಸುತ್ತ ಕೆಲಸಕ್ಕೆ ಕೂತಳು. ಎದೆ ಹೊಡೆದುಕೊಂಡಾಗ ಬಂದು ನನ್ನ ಮುಂಗೈ ಹಿಡಿದುಕೊಳ್ಳುತ್ತಿದ್ದಳು, ಹಿಡಿತ ಸಡಿಲಾದ ಮೇಲೆ ಹೋಗುತ್ತಿದ್ದಳು. ನಲವತ್ತು ದಿನ ಹೀಗೆ ನಡೆಯಿತು. ಗೆದ್ದೆವು ಎಂದು ನಾನು ಆಸ್ಪತ್ರೆಯಲ್ಲಿ ಡಂಗುರ ಹೊಡೆಯುವುದೊಂದು ಬಾಕಿ.

ನಲವತ್ತೊಂದನೇ ದಿನ ಜ್ವರ ಬಂತು. ಕಿಬ್ಬೊಟ್ಟೆಯಲ್ಲಿ ಚುಚ್ಚುತ್ತದೆ ಎಂದಳು. ಎಕ್ಸ್‌ರೇಯಲ್ಲಿ ಕೆಳಹೊಟ್ಟೆಯ ನಡುವೆ ಒಂದು ಸಣ್ಣ ಗೆರೆ, ಬೆಳ್ಳಗೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು, ಅದೂ ದಾರ ಸಮೇತ. ‘ಮತ್ತ ನುಂಗ್ಯಾಳ. ಒಂದ ಸೂಜಿ. ಕಾಲು ಮೂಡಲಕ್ಕ ಮಾಡಿ ಮಲಗಿಸ್ರಿ, ಮೂರು ದಿನ ಕಾಯೂಣು’ ಎಂದರು. ಈರಣ್ಣ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಂಚದ ಹತ್ತಿರ ಹೋಗಿ ವಾರ್ಡಿಗೆಲ್ಲ ಕೇಳುವಂತೆ ಕೂಗಿದೆ: ‘ನಾ ಕಟ್ಟಿದ ಗಂಟು ಬಿಚ್ಚಾಕ ನಿನಗೆಷ್ಟ ಧೈರ್ಯ? ಸಾಯಾಕ ಇಷ್ಟ ಅವಸರ ಇದ್ದರ ಮೊದಲ ಹೇಳಬೇಕಿತ್ತು, ಸುಮ್ಮನ ನನ್ನ ಕೈಲೆ ನೂರಾ ಹದಿನೆಂಟು ಗಂಟು ಹಾಕಿಸಿದಿ!’

‘ನಾ ನುಂಗಿಲ್ಲ ಅಕ್ಕಾ.’

‘ಹಂಗಾದ್ರ ಸೂಜಿ ಹಾರಿ ಬಂತೇನು?’

‘ಗೊತ್ತಿಲ್ಲ. ನೀ ಮನೀಗೆ ಹೋಗಿ ನೋಡು. ಒಂದರ ಗಂಟು ಬಿಚ್ಚಿದ್ದರ ಬಂದು ಬೈ. ಆಮ್ಯಾಲೆ ನಾ ಸತ್ತರೂ ಚಿಂತಿಲ್ಲ.’ ಅಷ್ಟು ಹೇಳಿ ಹುಣಸೆಬೀಜವನ್ನು ಇನ್ನೊಂದು ದವಡೆಗೆ ಸರಿಸಿಕೊಂಡು ಮುಖ ಆಚೆ ಮಾಡಿದಳು. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಬಿಚ್ಚಿದ ಗಂಟು ತಂದು ಅವಳ ಮುಖಕ್ಕೇ ಹಿಡಿಯುತ್ತೇನೆಂದು ಬಿರಬಿರನೆ ಮನೆಗೆ ಹೋದೆ. ಹಲಗೆಯ ಮುಂದೆ ಕೂತು ಒಂದೊಂದೇ ಎಳೆದು ನೋಡಿದೆ. ನನ್ನ ಗಂಟು ನನಗೆ ಗೊತ್ತಾಗದೆ ಇರುತ್ತದೆಯೇ? ಎರಡು ಸುತ್ತು, ಹಿಂದಕ್ಕೆ ತಿರುಗಿಸಿ ಒಂದು ಹಿಂದಿರುವು, ಕೊನೆಗೆ ತುದಿ ಒಳಗೆ. ಬಿಚ್ಚಿ ಮತ್ತೆ ಹಾಕಿದ್ದರೆ ಬೆರಳಿಗೆ ತಿಳಿಯುತ್ತಿತ್ತು. ನೂರಾ ಹದಿನೆಂಟೂ ಹಾಗೆಯೇ ಇದ್ದವು, ಒಂದೊಂದರ ತುದಿಯಲ್ಲೂ ಅದರದರ ಸಾಮಾನು. ಎರಡನೇ ಸಲ ನೋಡಿದೆ. ಮೂರನೇ ಸಲವೂ ನೋಡಿದೆ. ಮನೆಯ ಗಂಟು ಬಿಚ್ಚಿಲ್ಲ ಎಂದ ಮೇಲೆ ಬಿಚ್ಚಿದ್ದು ಬೇರೆ ಎಲ್ಲೋ. ಆ ಬರಿದಾಗಿ ಬಂದ ದಾರದ ತುದಿ ಕಣ್ಣ ಮುಂದೆ ಬಂತು. ಆ ದೋಣಿಯಲ್ಲಿದ್ದ ಸೂಜಿಯೂ ಬಂತು. ಅದರ ಮೇಲೆ ಧೂಳಿತ್ತು. ನಾಲ್ಕು ತಾಸಿನಲ್ಲಿ ಸೂಜಿಗೆ ಧೂಳು ಹೇಗೆ ಹಿಡಿಯುತ್ತದೆ? ಅವತ್ತು ನೋಡಿಯೂ ನೋಡದವಳಂತೆ ಒರೆಸಿ ಡಬ್ಬಿಗೆ ಹಾಕಿದ್ದೆ.

ಆಸ್ಪತ್ರೆಗೆ ವಾಪಸು ಬಂದು ಸೂಜಿಯ ಡಬ್ಬಿ ತೆಗೆದೆ. ಇಪ್ಪತ್ತೆರಡು ವರ್ಷ ದಾರ ಎಣಿಸಿದವಳು ಅವತ್ತು ಮೊದಲ ಸಲ ಸೂಜಿ ಎಣಿಸಿದೆ. ಇಪ್ಪತ್ನಾಲ್ಕು ಇರಬೇಕಾದಲ್ಲಿ ಇಪ್ಪತ್ಮೂರು. ದೋಣಿಯಲ್ಲಿ ಸಿಕ್ಕಿದ್ದು ದಾರ ಕಟ್ಟುವ ಮೊದಲೇ ಯಾವತ್ತೋ ಕೈಜಾರಿ ಬಿದ್ದು ಉಳಿದದ್ದು. ಫಕೀರವ್ವನದು ಫಕೀರವ್ವನ ಹೊಟ್ಟೆಯಲ್ಲೇ ಇತ್ತು, ಅಂಟಿದ ಕರುಳಿನ ಸಂದಿಗೆ ಸಿಕ್ಕಿ ಇಷ್ಟು ದಿನ ಹೊರಡದೆ ನಿಂತಿತ್ತು.

ಈಗ ನಿಜ ಹೇಳಿಬಿಡುತ್ತೇನೆ. ಡಬ್ಬಿಯ ಮುಚ್ಚಳ ಹಿಡಿದು ನಿಂತಾಗ ನನ್ನ ತಲೆಯಲ್ಲಿ ಬಂದ ಮೊದಲ ಯೋಚನೆ ಫಕೀರವ್ವನದಲ್ಲ. ಮನೆಗೆ ಹೋಗಿ ಒಂದೇ ಒಂದು ಗಂಟು ಬಿಚ್ಚಿ, ಒಂದು ಸೂಜಿಯನ್ನು ಹಿತ್ತಲಿಗೆ ಬಿಟ್ಟರೆ ಸಾಕು, ಅದು ತನ್ನ ಪಾಡಿಗೆ ಹೊರಡುತ್ತದೆ, ಉಳಿದದ್ದನ್ನು ಊರೇ ನಂಬುತ್ತದೆ ಎಂದು ಬಂತು. ನುಂಗುವವಳ ಮಾತು ಯಾರು ಕೇಳುತ್ತಾರೆ? ಇಂಥ ಹಲ್ಕಾ ಯೋಚನೆ ನನಗೂ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ವಾರ್ಡಿನಲ್ಲಿ ಯಾರೋ ಮಂಚ ಎಳೆದ ಸದ್ದಾಯಿತು. ಫಕೀರವ್ವನ ಕಾಲು ಮೂಡಲಕ್ಕೆ ತಿರುಗಿಸುತ್ತಿದ್ದರು. ಸೂಜಿ ಕರುಳಿನೊಳಗಿದ್ದರೆ ದಾರಿ ಹಿಡಿದು ಕೆಳಗಿಳಿದು ಹೊರಬೀಳುತ್ತದೆ. ಇದು ಕರುಳಿನ ಹೊರಗಿದೆ, ಇದಕ್ಕೆ ದಾರಿಯೇ ಇಲ್ಲ. ಕಾಲು ಮೂಡಲಕ್ಕೆ ಮಾಡಿದರೆ ಸಿಕ್ಕಿದ್ದನ್ನೆಲ್ಲ ಚುಚ್ಚುತ್ತ ತೊಡೆಯ ಸಂದಿಗೆ ಇಳಿಯುತ್ತದೆ, ಅಲ್ಲಿ ಹೆಬ್ಬೆರಳು ಗಾತ್ರದ ರಕ್ತನಾಳ. ಮನೆಮದ್ದೇ ಅವಳನ್ನು ಕೊಲ್ಲುವುದರಲ್ಲಿತ್ತು.

ಓಡಿದೆ. ನಲವತ್ತೆಂಟರ ಹೆಂಗಸು ಹಾಗೆ ಓಡಬಾರದು, ಓಡಿದೆ. ಮಂಚವನ್ನು ಒಬ್ಬಳೇ ಎಳೆದು ಅಡ್ಡ ತಿರುಗಿಸಿದೆ. ‘ಯಾರೂ ಮುಟ್ಟಬ್ಯಾಡ್ರಿ!’ ಎಂದು ಕೂಗಿದ್ದು ಕೇಳಿ ಡಾಕ್ಟರು ಬಂದರು.

‘ಏನ್ ಹುಚ್ಚ ಹಿಡೀತೇನು ದ್ಯಾಮವ್ವಾ?’

‘ಸೂಜಿ ನಂದರೀ ಸಾಹೇಬ್ರ. ಹ್ವಾದ ಆಪರೇಷನ್ನಿನ್ಯಾಗ ನನ್ನ ಗಂಟು ಬಿಚ್ಚೇತಿ. ಬರೇ ದಾರ ಬಂತು, ನಾ ಲೆಕ್ಕ ಸರಿ ಅಂದೆ. ಡಬ್ಬ್ಯಾಗ ಒಂದು ಕಡಿಮಿ ಐತಿ, ಈಗ ಎಣಿಸೀನಿ. ಈಕಿ ನುಂಗಿಲ್ಲ.’

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಮಗ್ಗುಲಿನಿಂದ ಇನ್ನೊಂದು ಎಕ್ಸ್‌ರೇ ತೆಗೆಸಿದರು. ನೇರ ಗೆರೆಯಂತೆ ಕಂಡದ್ದು ಈಗ ಬಾಗಿ ಕಂಡಿತು. ದರ್ಜಿಯ ಸೂಜಿ ಬಾಗಿರುವುದಿಲ್ಲ. ‘ತಗೀಲೇಬೇಕು’ ಎಂದರು ನಿಧಾನವಾಗಿ. ‘ಆದ್ರ ಹೊಟ್ಟಿ ತಗದ್ರ ಮುಚ್ಚಾಕ ಬರಂಗಿಲ್ಲ. ನಾ ಆವಾಗ ಹೇಳಿದ್ದು ಸಿಟ್ಟಿಗೆ ಅಲ್ಲ, ಖರೇನ ಬರಂಗಿಲ್ಲ.’

ಇಪ್ಪತ್ತೆರಡು ವರ್ಷ ನಾನು ಆ ಕೋಣೆಯಲ್ಲಿ ಬರೀ ದಾರ ಹಿಡಿದು ನಿಂತಿಲ್ಲ, ನೋಡುತ್ತಲೂ ನಿಂತಿದ್ದೇನೆ. ‘ನಾವ್ಯಾಕ ಹೋಗೂಣು ಸಾಹೇಬ್ರ? ಅದನ್ನ ಇಲ್ಲಿಗೆ ಕರಸೂಣು’ ಎಂದೆ. ‘ಅಂಟಿದ ಕರುಳೆಲ್ಲ ಎಡಕ್ಕ ಅದಾವು. ಬಲಗಡೆ ಖಾಲಿ ಐತಿ, ನೀವ ಅವತ್ತು ಹೇಳಿದ್ರಿ. ಬಲ ಮಗ್ಗಲಾ ಮೂಡಲಕ್ಕ ಮಾಡಿ ಕೂರಿಸಿದ್ರ ಸೂಜಿ ತಾನ ಬಲಗಡೆ ಚರ್ಮದ ಕೆಳಗ ಬಂದು ನಿಲ್ಲತೈತಿ. ಎರಡು ಬೆರಳಷ್ಟು ಕೊಯ್ದರ ಸಾಕು.’

ಡಾಕ್ಟರು ಎಕ್ಸ್‌ರೇಯನ್ನು ಮತ್ತೆ ಬೆಳಕಿಗೆ ಹಿಡಿದು ನೋಡಿದರು. ದಾರಿಯಲ್ಲಿ ಒಂದು ಸುತ್ತು ಕರುಳು ಅಡ್ಡ ಬಂದರೂ ಅದನ್ನು ಚುಚ್ಚಿಕೊಂಡೇ ಬರುತ್ತದೆ, ಆಗ ಹೊಟ್ಟೆ ತೆಗೆಯದೆ ಗತಿಯಿಲ್ಲ ಎಂದರು. ‘ಅಲ್ಲಾಡದಂಗ ಕೂತರ ಆದೀತು. ಎಂಟು ತಾಸು ಬೇಕು. ಜ್ವರದಾಗ ಯಾರು ಕೂಡ್ತಾರ?’ ಎಂದು ಕೇಳಿದರು. ಫಕೀರವ್ವ ಮಂಚದಿಂದಲೇ, ‘ನನ್ನ ಮಷೀನ್ ತಂದು ಕೊಡ್ರಿ, ಕೂಡ್ತೀನಿ’ ಎಂದಳು.

ಮರುದಿನ ಬೆಳಿಗ್ಗೆ ಈರಣ್ಣ ಮಷೀನು ಹೊತ್ತು ತಂದ. ವಾರ್ಡಿನ ಕಿಟಕಿಯ ಹತ್ತಿರ ಅದನ್ನು ಬಡಗಲಕ್ಕೆ ಮುಖ ಮಾಡಿ ಇಟ್ಟೆವು. ಇಷ್ಟು ವರ್ಷ ತೆಂಕಲಕ್ಕೆ ಕೂತವಳು ಈಗ ಬಡಗಲಕ್ಕೆ ಕೂತಳು, ಬಲ ಮಗ್ಗುಲು ಮೂಡಲಕ್ಕೆ ಬಂತು. ತುಳಿಯಬಾರದೆಂದು ಡಾಕ್ಟರ ಅಪ್ಪಣೆ, ಬರೀ ಕೈ ಹಲಗೆಯ ಮೇಲೆ. ಕೂತಳು ನೋಡಿ! ಮೈ ಸುಡುತ್ತಿತ್ತು, ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಒಂದು ಇಂಚು ಹಂದಲಿಲ್ಲ. ಬಾಯಲ್ಲಿ ಹುಣಸೆಬೀಜ ಮಾತ್ರ ಆಚೀಚೆ ಹೋಗುತ್ತಿತ್ತು. ನಾನು ಹಿಂದೆ ನಿಂತು ಅವಳ ಭುಜ ಹಿಡಿದುಕೊಂಡಿದ್ದೆ. ಎರಡು ತಾಸಿಗೊಮ್ಮೆ ಎಕ್ಸ್‌ರೇ. ಬಿಳಿ ಗೆರೆ ಮೊದಲು ಒಂದು ಬೆರಳು ಸರಿಯಿತು, ಆಮೇಲೆ ಮೂರು. ಮಧ್ಯಾಹ್ನ ಒಮ್ಮೆ ಸೂಜಿ ನಿಂತುಬಿಟ್ಟಿತು. ಡಾಕ್ಟರು ಆಪರೇಷನ್ ಕೋಣೆ ತಯಾರು ಮಾಡಲು ಹೇಳಿದರು. ಫಕೀರವ್ವ ಕಣ್ಣು ಮುಚ್ಚಿಕೊಂಡು, ‘ಅಕ್ಕಾ, ಈಗ ಹೊರಳಿತು. ನನಗ ತಿಳೀತು’ ಎಂದಳು. ಹೌದು, ಹೊರಳಿ ಪಕ್ಕಕ್ಕೆ ಸರಿದಿತ್ತು. ಸಂಜೆ ಐದಕ್ಕೆ ಅವಳ ಬಲ ಮಗ್ಗುಲಲ್ಲಿ, ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ, ಚರ್ಮ ಸೂಜಿಮೊನೆಯಷ್ಟು ಉಬ್ಬಿತು. ಡಾಕ್ಟರು ಅಲ್ಲಿಗಷ್ಟೇ ಮದ್ದು ಚುಚ್ಚಿ, ಎರಡು ಬೆರಳಗಲ ಕೊಯ್ದು, ಇಕ್ಕಳದಿಂದ ಹಿಡಿದು ಎಳೆದರು. ಬಾಗಿದ ಸೂಜಿ. ಅದರ ಕಣ್ಣಿನಲ್ಲಿ ಅರ್ಧ ಇಂಚು ನೀಲಿ ದಾರ ಇನ್ನೂ ಇತ್ತು, ಎರಡು ಸುತ್ತು ಹಾಕಿ, ಹಿಂದಿರುವು ಹಾಕದೆ ಬಿಟ್ಟದ್ದು. ಅವಸರದಲ್ಲಿ ನಾನೇ ಬಿಟ್ಟಿದ್ದೆ, ಎಳೆದಾಗ ಗಂಟು ಸಡಿಲಿ ದಾರ ಅಲ್ಲೇ ಹರಿದಿತ್ತು. ನೋಡಿದ ಕೂಡಲೇ ನನ್ನ ಕೈಕೆಲಸವೆಂದು ಗುರುತು ಹಿಡಿದೆ.

ಕರುಳಿಗೆ ಏನೂ ಆಗಿರಲಿಲ್ಲ. ಎಂಟು ದಿನದಲ್ಲಿ ಜ್ವರ ಇಳಿದು ಫಕೀರವ್ವ ಅನ್ನ ಉಂಡಳು. ಡಾಕ್ಟರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಇನ್ನು ಮೇಲೆ ದಾರವನ್ನೂ ಎಣಿಸಬೇಕು, ಸಾಮಾನನ್ನೂ ಎಣಿಸಬೇಕು, ಒಬ್ಬಳಲ್ಲ ಇಬ್ಬರು ಎಣಿಸಬೇಕು ಎಂದು ಗೋಡೆಯ ಮೇಲೆ ಬರೆಸಿದರು. ಸೂಜಿಯನ್ನು ಒಂದು ಚೀಟಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು, ಅಷ್ಟೇ.

ಅದನ್ನು ಹಿಡಿದುಕೊಂಡು ಫಕೀರವ್ವನ ಮಂಚದ ಮೇಲೆ ಕೂತೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ದ್ಯಾಮಕ್ಕನಿಗೆ ಮಾತೇ ಹೊರಡಲಿಲ್ಲ. ಸುಮ್ಮನೆ ಅತ್ತೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಹಿಡಿದುಕೊಂಡೇ ಕೇಳಿದಳು: ‘ಇವತ್ತಿಂದ ನಿನಗ ಏನಂತ ಕರೀಲಿ ಅಕ್ಕಾ? ಹೆಸರು ಬದಲಿಸಬೇಕಲ್ಲ?’ ಅಳುತ್ತಿದ್ದ ನನಗೆ ನಗು ಬಂತು, ಅವಳೂ ನಕ್ಕಳು. ಆಮೇಲೆ ಅವಳು ನಗು ನಿಲ್ಲಿಸಿ ಹೇಳಿದಳು: ‘ವಾರ್ಡಿನ ಮಂದೀ ಎದುರಿಗೆ ನನ್ನ ಬೈದಿ. ಊರಾಗ ಎಲ್ಲಾರೂ ಫಕೀರಿ ಮತ್ತ ನುಂಗಿದಳು ಅಂತಾರ. ಸ್ವಾಮಾರ ಗ್ವಾಡಿ ಹತ್ರ ಹೋಗೂಣು.’

ಅವಳ ಹುಚ್ಚು ಪೂರ್ತಿ ಬಿಟ್ಟುಹೋಗಿದೆ ಎಂದು ನಾನು ಹೇಳುವುದಿಲ್ಲ. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಂದೆ ಬಂದು ಬಾಯಿ ಆ ಎಂದು ತೆರೆದು ತೋರಿಸುತ್ತಾಳೆ, ಒಮ್ಮೊಮ್ಮೆ ನಾಲಿಗೆಯ ಕೆಳಗಿಂದ ಒಂದು ಹುಕ್ಕು ತೆಗೆದು ನನ್ನ ಅಂಗೈಗೆ ಉಗುಳುತ್ತಾಳೆ. ನಾನು ತೊಳೆದು ಕಟ್ಟುತ್ತೇನೆ, ಹಿಂದಿರುವು ಹಾಕಿ. ಅದು ದಿನದಿನದ ಕೆಲಸ, ನಡೆಯುತ್ತದೆ.

ಆ ಸೋಮವಾರ ಗೋಡೆಯ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಫಕೀರವ್ವ ಬಲ ಮಗ್ಗುಲ ಮೇಲೆ ಕೈ ಇಟ್ಟುಕೊಂಡು ಮಂದಿಯ ಹಿಂದೆ ಒಂದು ಕಲ್ಲಿನ ಮೇಲೆ ಕೂತಳು. ನಾನು ಮುಂದೆ ಹೋದೆ. ಚೀಟಿ ಬಿಚ್ಚಿ, ನೀಲಿ ದಾರದ ತುಂಡು ಅಂಟಿಕೊಂಡಿದ್ದ ಆ ಬಾಗಿದ ಸೂಜಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಗುಸುಗುಸು ನಿಂತಿತು. ‘ಇದು ಫಕೀರವ್ವನ ಹೊಟ್ಟ್ಯಾಗ ಸಿಕ್ಕ ಸೂಜಿ. ಆಕಿ ನುಂಗಿದ್ದಲ್ಲ. ನಾ ಬಿಟ್ಟದ್ದು’ ಎಂದೆ. ‘ನಂದು’ ಎಂದೆ. ಅರ್ಧ ಊರನ್ನು ತಿರುಗಿಸುವ ನನ್ನ ದನಿ ಅವತ್ತು ನನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಎರಡನೇ ಸಲ ‘ನಂದು’ ಎಂದದ್ದು ಅದಕ್ಕಿಂತ ಸಣ್ಣಗೆ ಬಂತು. ಯಾರೂ ತಕರಾರು ತೆಗೆಯಲಿಲ್ಲ. ಅಷ್ಟರಲ್ಲಿ ಮಂದಿಯ ಹಿಂದಿನಿಂದ, ಆ ಗೋಡೆಯ ಹತ್ತಿರ ಇಷ್ಟು ವರ್ಷ ಒಂದು ಸಲವೂ ಎದ್ದಿರದ ಒಂದು ದನಿ ಗಟ್ಟಿಯಾಗಿ ಬಂತು:

‘ಜೋರಾಗಿ ಅನ್ನು ಅಕ್ಕಾ, ಇಲ್ಲಿಗೆ ಕೇಳವಲ್ದು!’

ನಾನು ಸೂಜಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿ, ಅವಳಿಗೆ ಕೇಳುವಂತೆ ಮೂರನೇ ಸಲ ಕೂಗಿದೆ.